ಸಹಾಯ ಬೇಕು: ಮಗಳ ಕಿವಿ ಸೋರುತ್ತಿದೆ, ಕೇಳುವ ಪರೀಕ್ಷೆ ಎಲ್ಲಿ ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ಹತ್ತಿರದ ಹಳ್ಳಿ. ಆರು ವರ್ಷದ ಮಗಳಿಗೆ ಈ ಮಳೆಗಾಲದಲ್ಲಿ ಇದು ಮೂರನೇ ಸಲ. ಮೊದಲು ನೆಗಡಿ, ಆಮೇಲೆ ಕಿವಿ ನೋವು. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ, ಕೆಟ್ಟ ವಾಸನೆ. ಮಕ್ಕಳಲ್ಲಿ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆ ಗಿಡ್ಡ ಇರುತ್ತದೆ, ಅದಕ್ಕೇ ಸೋಂಕು ಬೇಗ ಏರುತ್ತದೆ ಎಂದರು ಡಾಕ್ಟರು. ಕಿವಿ ತಮಟೆಯಲ್ಲಿ ಸಣ್ಣ ತೂತಿದೆಯಂತೆ. ನೀರು ಹೋಗಬಾರದು, ಎಣ್ಣೆಯಂತೂ ಹಾಕಲೇಬಾರದು. ಮೊದಲ ಸಲ ನಾವೇ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟಿದ್ದೆವು. ನೆನೆದರೆ ಕರುಳು ಚುರುಕ್ ಅನ್ನುತ್ತದೆ. ಈಗ ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಬಾಯಿಗೆ ಇಡುತ್ತೇನೆ.

ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಟೀವಿ ಜೋರು ಮಾಡು ಅನ್ನುತ್ತಾಳೆ. ಅದೇ ಜಾಸ್ತಿ ಹೆದರಿಕೆ. ಕಾರವಾರ ಅಥವಾ ಶಿರಸಿಯಲ್ಲಿ ಮಕ್ಕಳಿಗೆ ತಾಳ್ಮೆಯಿಂದ ಆಡಿಯೋಮೆಟ್ರಿ (ಕೇಳುವ ಪರೀಕ್ಷೆ) ಮಾಡುವವರು ಯಾರಿದ್ದಾರೆ? ಶನಿವಾರ ಸಿಗುತ್ತಾರಾ? ಮಕ್ಕಳ ತಮಟೆ ತೂತು ತಾನಾಗಿ ಮುಚ್ಚಿದ್ದರೆ ಎಷ್ಟು ದಿನ ಬೇಕಾಯಿತು, ಹೇಳಿ.

ಇನ್ನೊಂದು. ನಮ್ಮ ಮಾವ ದಿನಾ ಪಿನ್ನಿನಿಂದ ಕಿವಿ ಕೆರೆಯುತ್ತಾರೆ. ಗುಗ್ಗೆ ತಾನಾಗಿ ಹೊರಬರುತ್ತದೆ ಅಂದರೆ ಕೇಳುವುದಿಲ್ಲ. ನಿಮ್ಮ ಮನೆ ಹಿರಿಯರಿಗೆ ಹೇಗೆ ಬಿಡಿಸಿದಿರಿ?