ಅಪ್‌ಡೇಟ್: ಬಟ್ಟೆ ಹೊದಿಸಿದ ಕಯಾಕ್‌ಗೆ ಹ್ಯಾಚ್ ಕೂತಿತು
ಮರದ ಚೌಕಟ್ಟಿಗೆ ನೈಲಾನ್ ಬಟ್ಟೆ ಹೊದಿಸಿದ ನನ್ನ ಕಯಾಕ್‌ಗೆ (ಹುಟ್ಟು ಹಾಕುವ ಸಪೂರ ದೋಣಿ) ಸಾಮಾನು ಇಡುವ ಹ್ಯಾಚ್, ಅಂದರೆ ಮುಚ್ಚಳವಿರುವ ಕಿಂಡಿ, ಹೇಗೆ ಮಾಡಲಿ ಅಂತ ಕೇಳಿದ್ದೆ ಅಲ್ವಾ, ಕೆಲಸ ಆಯಿತು. ಹ್ಯಾಚ್‌ನ ಪ್ಲಾಸ್ಟಿಕ್ ರಿಂಗನ್ನು ಸೀದಾ ಬಟ್ಟೆಗೇ ಸಿಲಿಕೋನ್‌ನಿಂದ ಅಂಟಿಸುವ ಸಲಹೆ ನಡೆಯಲಿಲ್ಲ. ಕಯಾಕ್ ಬಳುಕಿದಾಗ ಬಟ್ಟೆ ಎಳೆಯುತ್ತದೆ, ಅಂಟು ಬಿಡುತ್ತದೆ.

ಗೆದ್ದದ್ದು ಮರೈನ್ ಪ್ಲೈವುಡ್ (ನೀರು ತಡೆಯುವ ಪ್ಲೈವುಡ್) ಬಳೆಯ ಸಲಹೆ, ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಬಟ್ಟೆಯ ಒಳಗಿನ ಬಳೆಯನ್ನು ಡೆಕ್ಕಿನ (ಕಯಾಕ್‌ನ ಮೇಲ್ಭಾಗದ) ಪಟ್ಟಿಗಳಿಗೆ ದಾರದಿಂದ ಬಿಗಿಯಾಗಿ ಕಟ್ಟಿ, ಬಟ್ಟೆಯ ಮೇಲೆ ಸೀಲಂಟ್ ಹಚ್ಚಿ ಇನ್ನೊಂದು ಬಳೆ ಇಟ್ಟು, ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಸ್ಕ್ರೂ ಬಿಗಿದ ಮೇಲೆಯೇ ಬಳೆಯ ನಡುವಿನ ಬಟ್ಟೆ ಕತ್ತರಿಸಿ, ಇಲ್ಲದಿದ್ದರೆ ಬಿಗಿ ಹೋಗುತ್ತದೆ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಅಳಿವೆವರೆಗೆ ಹೋಗಿ ಬಂದೆ, ಮುಚ್ಚಳದಿಂದ ಒಂದು ಹನಿಯೂ ಇಳಿಯಲಿಲ್ಲ.

ಹೊಸದಾಗಿ ತಿಳಿದದ್ದು: ಈ ಕಯಾಕ್‌ನೊಳಗೆ ಅಡ್ಡಗೋಡೆ ಇಲ್ಲ, ಮಗುಚಿದರೆ ಕೂರುವ ಜಾಗದಿಂದಲೇ ಎಲ್ಲ ಕಡೆ ನೀರು ತುಂಬುತ್ತದೆ. ಹ್ಯಾಚ್ ಇದ್ದರೂ ಕಯಾಕ್ ತೇಲಿಸಲು ಗಾಳಿ ಚೀಲ, ಸಾಮಾನಿಗೆ ನೀರು ಹೋಗದ ಡ್ರೈ ಬ್ಯಾಗ್ ಬೇಕೇ ಬೇಕು.