ಶೇಪಿಂಗ್, ಪೊಲೀಸಿಂಗ್, ಪ್ರಯಾರಿಟಿ: ಮಿತಿ, ಆದ್ಯತೆ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ,

ದಾವಣಗೆರೆಯ ನಮ್ಮ ಬೀದಿಯ ಮನೆಗಳಿಗೆ ಅಂತ ವೈಫೈ ರೂಟರ್ ಬಗ್ಗೆ ಒಂದು ಹಾಳೆಯ ಕೈಪಿಡಿ ಬರೆಯುತ್ತಿದ್ದೇನೆ. ಇಲ್ಲಿ ಸುಮಾರು ಮನೆಗಳಲ್ಲಿ ಮಹಡಿ ಮೇಲೆ ಬಾಡಿಗೆಗೆ ಕಾಲೇಜು ಹುಡುಗರು, ಕೆಳಗೆ ಮನೆಯವರು, ಎಲ್ಲರಿಗೂ ಸೇರಿ ಒಂದೇ ಫೈಬರ್ ಕನೆಕ್ಷನ್. ಮೇಲೆ ಯಾರದೋ ಫೋನಿನ ಫೋಟೋಗಳು ಬ್ಯಾಕಪ್‌ಗೆ ಹೋಗೋಕೆ ಶುರುವಾದರೆ ಸಾಕು, ಕೆಳಗೆ ಆಫೀಸ್ ಮೀಟಿಂಗ್‌ನಲ್ಲಿ ಕೂತವರ ಮಾತು ತುಂಡು ತುಂಡಾಗುತ್ತದೆ. ಇದಕ್ಕೆ ರೂಟರ್‌ನಲ್ಲೇ ಮದ್ದಿದೆ. ಯಾರಿಗೆ ಎಷ್ಟು, ಯಾವುದು ಮೊದಲು ಅಂತ ಅಲ್ಲೇ ಗೊತ್ತುಮಾಡಬಹುದು. ಅದನ್ನು ಕನ್ನಡದಲ್ಲಿ ಹೇಳೋದು ಹೇಗೆ ಅನ್ನೋದೇ ನನ್ನ ಪ್ರಶ್ನೆ.

ಟ್ರಾಫಿಕ್‌ಗೆ, ಅಂದರೆ ರೂಟರ್ ಮೂಲಕ ಹೋಗಿಬರುವ ಡೇಟಾಕ್ಕೆ, ದಟ್ಟಣೆ ಅನ್ನೋದು ರೂಢಿಯಲ್ಲಿದೆ. ನನಗೆ ಒಪ್ಪಿಗೆಯಿಲ್ಲ. ನಡುರಾತ್ರಿ ಒಂದೇ ಒಂದು ಮೊಬೈಲ್ ಓಡುತ್ತಿದ್ದರೂ ಅದು ಟ್ರಾಫಿಕ್ಕೇ, ಆದರೆ ದಟ್ಟಣೆ ಅಲ್ಲ. ಲೈನ್ ಕಿಕ್ಕಿರಿಯುವ ಕಂಜೆಶನ್‌ಗೆ ಆ ಪದ ಬೇಕೇ ಬೇಕು, ಅದಕ್ಕೇ ಉಳಿಸೋಣ. ಟ್ರಾಫಿಕ್‌ಗೆ ಹರಿವು ಅಂತ ಹಾಕಿದ್ದೇನೆ.

ನಿಜವಾದ ತಕರಾರು "ಮಿತಿ"ಯದು. ಮಿತಿ ಅಂದ ಕೂಡಲೇ ಜನ ತಿಂಗಳಿಗೆ ಇಷ್ಟು ಜಿಬಿ ಅನ್ನೋದನ್ನೇ ನೆನೆಸಿಕೊಳ್ಳುತ್ತಾರೆ. ವೇಗದ ಮಿತಿ ಅಂತ ಬಿಡಿಸಿ ಹೇಳಿದರೆ ಆ ಗೊಂದಲ ಹೋಗುತ್ತದೆ, ಆದರೆ ಇನ್ನೊಂದು ಉಳಿಯುತ್ತದೆ. ವೇಗಕ್ಕೆ ಮಿತಿ ಹಾಕುವುದರಲ್ಲೇ ಎರಡು ಬಗೆ ಇದೆ. 1998ರ ಆರ್‌ಎಫ್‌ಸಿ 2475 ಅನ್ನುವ ಇಂಟರ್ನೆಟ್ ತಂತ್ರಜ್ಞರ ದಾಖಲೆಯಲ್ಲಿ ಇದನ್ನು ಸ್ಪಷ್ಟವಾಗಿ ಬೇರೆ ಮಾಡಿದ್ದಾರೆ. ಮಿತಿಗೆ ಹೊಂದುವ ಹಾಗೆ ಪ್ಯಾಕೆಟ್‌ಗಳನ್ನು (ಡೇಟಾ ಸಾಗುವ ಸಣ್ಣ ಸಣ್ಣ ತುಂಡುಗಳನ್ನು) ತಡಮಾಡಿ ಕಳಿಸಿದರೆ ಶೇಪಿಂಗ್, ಮಿತಿ ಮೀರಿದವನ್ನು ಎಸೆದುಬಿಟ್ಟರೆ ಪೊಲೀಸಿಂಗ್. ಬಳಸುವವರಿಗೆ ಈ ಎರಡರ ಅನುಭವ ಬೇರೆ ಬೇರೆ. ಫೈಲ್ ಇಳಿಸುವಾಗ ಎಸೆದ ಪ್ಯಾಕೆಟ್ ಮತ್ತೆ ಬರುತ್ತದೆ, ಏನೂ ಮುಳುಗಲ್ಲ. ವಿಡಿಯೋ ಕಾಲ್‌ನಲ್ಲಿ ಎಸೆದ ಮಾತು ಮತ್ತೆ ಬರುವ ಹೊತ್ತಿಗೆ ಎದುರಿನವರು ಮುಂದಿನ ವಾಕ್ಯ ಹೇಳುತ್ತಿರುತ್ತಾರೆ.

ಶೇಪಿಂಗ್‌ಗೆ "ಆಕಾರ ಕೊಡುವುದು" ಅಂತ ಬರೆದರೆ ಕುಂಬಾರರ ಕೆಲಸ ಅಂದುಕೊಂಡಾರು. ನನಗೆ ಹೊಳೆದದ್ದು ತೂಬು. ನಮ್ಮದು ಭದ್ರಾ ನಾಲೆಯ ಸೀಮೆ, ಪಕ್ಕದ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ, ತೂಬು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಂದ ನೀರನ್ನು ಕೆರೆ ಹಿಡಿದಿಟ್ಟುಕೊಳ್ಳುತ್ತದೆ, ತೂಬು ಅಳತೆಯಲ್ಲಿ ಬಿಡುತ್ತದೆ. ಶೇಪಿಂಗ್ ಮಾಡೋದೂ ಅದನ್ನೇ ಅಲ್ವಾ? ಹಾಗಾಗಿ "ತೂಬಿನ ಮಿತಿ". ಪೊಲೀಸಿಂಗ್‌ಗೆ ಮೊದಲು ಕೋಡಿ ಅನ್ನಬಹುದು ಅನಿಸಿತ್ತು, ಎರಡು ಕಾರಣಕ್ಕೆ ಬಿಟ್ಟೆ. ಒಂದು, ಕೋಡಿ ಹರಿಯೋದು ಕೆರೆ ತುಂಬಿದ ಮೇಲೆ, ಪೊಲೀಸಿಂಗ್‌ನಲ್ಲಿ ಹಿಡಿದಿಡಲು ಕೆರೆಯೇ ಇಲ್ಲ, ಹೆಚ್ಚಾದದ್ದು ಆಗಿಂದಾಗಲೇ ಹೊರಗೆ. ಇನ್ನೊಂದು, ಕೋಡಿ ಬಿತ್ತು ಅಂದರೆ ನಮ್ಮಲ್ಲಿ ಊರೇ ಬಾಗಿನ ಬಿಡೋಕೆ ಹೋಗುತ್ತದೆ, ಪ್ಯಾಕೆಟ್ ಕಳೆದುಹೋಗುವ ಸುದ್ದಿಗೆ ಅಷ್ಟು ಶುಭದ ಪದ ಯಾಕೆ! ಸದ್ಯಕ್ಕೆ "ಚೆಲ್ಲುವ ಮಿತಿ" ಅಂತ ಬರೆದಿದ್ದೇನೆ. ಸಮಾಧಾನ ಇಲ್ಲ.

ತೂಬು ಇನ್ನೊಂದು ಕಡೆ ನೆರವಾಗುತ್ತದೆ. ಲೈನ್ 100 ಎಂಬಿಪಿಎಸ್ ಇದ್ದರೆ ರೂಟರ್‌ನಲ್ಲಿ 90 ಅಥವಾ 95 ಅಂತ ಹಾಕಬೇಕು. ಇದನ್ನು ಹೇಳಿದಾಗಲೆಲ್ಲ ಬರುವ ಮಾತು ಒಂದೇ: "ದುಡ್ಡು ನೂರಕ್ಕೆ ಕೊಟ್ಟು ತೊಂಬತ್ತು ಯಾಕೆ ತಗೋಬೇಕು?" ಕಾರಣ ಇಷ್ಟೇ. ಪೂರ್ತಿ 100ಕ್ಕೆ ಬಿಟ್ಟರೆ ಪ್ಯಾಕೆಟ್‌ಗಳು ಕಾಯೋದು ಬೇರೆಯವರ, ಅಂದರೆ ಇಂಟರ್ನೆಟ್ ಕಂಪನಿಯವರ ಪೆಟ್ಟಿಗೆಯಲ್ಲಿ, ಅಲ್ಲಿ ಯಾವುದನ್ನು ಮೊದಲು ಬಿಡಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಸ್ವಲ್ಪ ಕಡಿಮೆ ಹಾಕಿದರೆ ಅವು ನಮ್ಮ ರೂಟರ್‌ನಲ್ಲೇ ಕಾಯುತ್ತವೆ. "ಮಿತಿಯನ್ನು 90ಕ್ಕೆ ಇಳಿಸಿ" ಅಂದರೆ ಮುಖ ಸಿಂಡರಿಸುವವರು "ತೂಬು ನಿಮ್ಮ ಕೈಯಲ್ಲಿರಲಿ" ಅಂದರೆ ಒಪ್ಪುತ್ತಾರೆ. ಅಪ್‌ಲೋಡ್‌ಗೆ ಇದು ಸಲೀಸು. ಡೌನ್‌ಲೋಡ್‌ನಲ್ಲಿ ಆ ಕಡೆಯಿಂದ ಹೊರಟಾಗಿರುತ್ತದೆ, ನಾವು ಇಲ್ಲಿ ತಡೆದು ಒಂದೆರಡು ಪ್ಯಾಕೆಟ್ ಎಸೆದರೆ ಕಳಿಸುವವರು ತಾವಾಗೇ ನಿಧಾನ ಮಾಡುತ್ತಾರೆ, ಅಷ್ಟೇ.

ಈಗ ಆದ್ಯತೆ. ಪದ ತಪ್ಪಲ್ಲ, ಆದರೆ ಸೆಟ್ಟಿಂಗ್‌ನಲ್ಲಿ ಅದನ್ನು ನೋಡಿದವರು "ವೇಗ ಜಾಸ್ತಿ ಆಗುತ್ತೆ" ಅಂತಲೇ ತಿಳಿಯುತ್ತಾರೆ. ಪ್ರಯಾರಿಟಿ ವೇಗ ಹೆಚ್ಚಿಸಲ್ಲ, ಸಾಲು ಇದ್ದಾಗ ಮುಂದೆ ಬಿಡುತ್ತದೆ. ಸಾಲೇ ಇಲ್ಲದಿದ್ದರೆ ಅದಕ್ಕೆ ಕೆಲಸವೂ ಇಲ್ಲ. ನಮ್ಮ ಕಡೆ, ಹರಿಹರ ದಾಟಿದರೆ ಇನ್ನೂ ಜಾಸ್ತಿ, ಸಾಲಿಗೆ ಪಾಳಿ ಅಂತಾರೆ. ರೇಷನ್ ಅಂಗಡಿ ಮುಂದೆ ಪಾಳಿ ಹಚ್ಚುತ್ತಾರೆ. ಹಾಗಾಗಿ ಪ್ರಯಾರಿಟಿಗೆ "ಮೊದಲ ಪಾಳಿ" ಅಂತ ಬರೆಯುವ ಆಸೆ. ಕೆಲವು ರೂಟರ್‌ಗಳಲ್ಲಿ ಮೊದಲು ಯಾರು ಅನ್ನುವ ಬದಲು ಶೇಕಡಾ ಲೆಕ್ಕದಲ್ಲಿ ಹಂಚಿಕೊಡುವ ಸೆಟ್ಟಿಂಗ್ ಇರುತ್ತದೆ, ಅದಕ್ಕೆ ಪಾಲು. ಪಾಳಿ, ಪಾಲು ಎರಡೂ ಪಕ್ಕಪಕ್ಕ ಬಂದರೆ ಚೆನ್ನಾಗಿ ಒಪ್ಪುತ್ತದೆ, ಎರಡನ್ನೂ ಆದ್ಯತೆ ಅಂತ ಕರೆಯುವ ಗೋಜಲು ತಪ್ಪುತ್ತದೆ. ತೊಡಕು ಅಂದರೆ ಬೆಂಗಳೂರು, ಮೈಸೂರು ಕಡೆ ಪಾಳಿ ಅಂದರೆ ಕೆಲಸದ ಶಿಫ್ಟು. "ರಾತ್ರಿ ಪಾಳಿ" ಅಂತ ಓದಿದ ಕಣ್ಣಿಗೆ "ಮೊದಲ ಪಾಳಿ" ಬೆಳಗಿನ ಆರು ಗಂಟೆಯ ಶಿಫ್ಟಿನ ಹಾಗೆ ಕಾಣಬಹುದು. ಸರದಿ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಸರದಿಯಲ್ಲಿ ಬಂದವರಿಗೆ ಬಂದ ಹಾಗೆ ಅನ್ನುವ ಧ್ವನಿ ಇದೆ. ಪ್ರಯಾರಿಟಿ ಅದಕ್ಕೆ ತಿರುಗುಮುರುಗು.

ಬಫರ್‌ಬ್ಲೋಟ್ ಅನ್ನೋದಕ್ಕೂ ಒಂದು ಪದ ಬೇಕಿತ್ತು. ಕಾಯಿಸುವ ಜಾಗ ಅತಿಯಾಗಿ ದೊಡ್ಡದಾಗಿ, ಯಾವುದೂ ಕಳೆಯದೆ ಎಲ್ಲವೂ ತಡವಾಗುವ ರೋಗ ಅದು. ಫೋಟೋ ಬ್ಯಾಕಪ್ ನಡೆಯುವಾಗ ಪಿಂಗ್ (ಪ್ಯಾಕೆಟ್ ಹೋಗಿ ಬರೋಕೆ ಹಿಡಿಯುವ ಹೊತ್ತು) ನೋಡಿ, 20 ಮಿಲಿಸೆಕೆಂಡ್ ಇದ್ದದ್ದು 400 ದಾಟಿರುತ್ತದೆ. "ಪಾಳಿಯುಬ್ಬರ" ಅಂತ ಮಾಡಿದೆ, ಮನೆಯವರು ಹೊಟ್ಟೆಯುಬ್ಬರದ ಔಷಧಿ ಕೇಳಿದರು.

ಕರಾವಳಿ, ಮಲೆನಾಡಿನವರು ಹೇಳಿ, ನಿಮ್ಮಲ್ಲಿ ತೂಬು ಅಂದರೆ ಕೂಡಲೇ ಕಣ್ಣಿಗೆ ಬರುತ್ತದಾ? ಬೇರೆ ಹೆಸರಿದ್ದರೆ ಅದೂ ಬೇಕು. ಪಾಳಿಯನ್ನು ಸಾಲು ಅನ್ನುವ ಅರ್ಥದಲ್ಲಿ ಯಾವ ಯಾವ ಜಿಲ್ಲೆಯಲ್ಲಿ ಬಳಸುತ್ತೀರಿ? "ಚೆಲ್ಲುವ ಮಿತಿ"ಗಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ, ಹಾಳೆ ಇನ್ನೂ ಜೆರಾಕ್ಸ್‌ಗೆ ಕೊಟ್ಟಿಲ್ಲ.