ಹಲ್ಲುಜ್ಜೋ ಪೇಸ್ಟು, ಕಾರಿನ ಬಾನೆಟ್ಟು

ಗುಂಪು: ನಮ್ಮ ಬಳಗ, ಪುಣೆ
ಭಾನುವಾರ

ದೊಡ್ಡಪ್ಪ, 7:12
(ವಿಡಿಯೋ, ಹಲವು ಬಾರಿ ಫಾರ್ವರ್ಡ್ ಆಗಿದೆ)
ಬಿಳಿ ಟೂತ್‌ಪೇಸ್ಟ್ ಹಚ್ಚಿ, ಒದ್ದೆ ಬಟ್ಟೆಯಲ್ಲಿ 5 ನಿಮಿಷ ಉಜ್ಜಿ. ಕಾರಿನ ಗೀರೆಲ್ಲ ಮಾಯ!! ಪೇಂಟರ್ ಹೊಟ್ಟೆ ಯಾಕೆ ತುಂಬಿಸುತ್ತೀರಿ? ಎಲ್ಲರಿಗೂ ಕಳಿಸಿ.

ಅಕ್ಕ, 7:20
ದೊಡ್ಡಪ್ಪ, ಹಲ್ಲಿಗೂ ಸ್ವಲ್ಪ ಉಳಿಸಿ 😄

ನಾನು, 7:31
ವಿಡಿಯೋ ನೋಡಿದೆ ದೊಡ್ಡಪ್ಪ. ಕೊನೆಗೆ ಬಾನೆಟ್ ಮೇಲೆ ನೀರು ಸುರಿದು ತೋರಿಸುತ್ತಾನೆ. ಒದ್ದೆಯಾಗಿದ್ದರೆ ಯಾವ ಕಾರಲ್ಲೂ ಸಣ್ಣ ಗೀರು ಕಾಣಲ್ಲ, ನೀರು ಗೀರಿನೊಳಗೆ ತುಂಬಿಕೊಳ್ಳುತ್ತೆ. ನಮ್ಮ ಕಪ್ಪು ಕಾರನ್ನೇ ಮಳೆಯಲ್ಲಿ ನೋಡಿ, ನಿನ್ನೆ ಶೋರೂಮಿಂದ ಬಂದ ಹಾಗಿರುತ್ತೆ. ಒಣಗಿಸಿ ಬಿಸಿಲಿಗೆ ನಿಲ್ಲಿಸಿ, ಬಾನೆಟ್ಟಲ್ಲಿ ಕಾಣುವ ಸೂರ್ಯನ ಸುತ್ತ ಸಣ್ಣ ಗೀರುಗಳ ಜೇಡರ ಬಲೆ.

ದೊಡ್ಡಪ್ಪ, 7:38
ನಾನು 1984ರ ಪದ್ಮಿನಿ ಕಾರು 16 ವರ್ಷ ಓಡಿಸಿದವನು. ಪ್ರತಿ ದೀಪಾವಳಿಗೆ ರಬ್ಬಿಂಗ್ ಕಾಂಪೌಂಡ್ ಅನ್ನೋ ಉಜ್ಜುವ ಪೇಸ್ಟ್ ತಂದು ಕೈಯಲ್ಲೇ ಉಜ್ಜುತ್ತಿದ್ದೆ. ನಿಮ್ಮಪ್ಪನೂ ಕೂತು ಉಜ್ಜುತ್ತಿದ್ದ, ಕೇಳು ಬೇಕಾದರೆ. ಏನೂ ಆಗಲಿಲ್ಲ. ನಿಮಗೆಲ್ಲ ಯೂಟ್ಯೂಬ್ ನೋಡಿ ನೋಡಿ ಭಯ ಜಾಸ್ತಿ.

ಭಾವ (ಚಾಕಣ್), 7:50
ಮಾವ, ಆಗ ಬಟ್ಟೆಗೆ ಏನು ಅಂಟುತ್ತಿತ್ತು?

ದೊಡ್ಡಪ್ಪ, 7:51
ಬಣ್ಣ. ನೀಲಿ ಬಣ್ಣ. ಅದಕ್ಕೇನೀಗ?

ಭಾವ (ಚಾಕಣ್), 7:58
ಅಲ್ಲೇ ಇರುವುದು ವಿಷಯ. ಆ ಕಾರಿಗೆ ಮೇಲೆ ಬೇರೆ ಪದರ ಇರಲಿಲ್ಲ, ಬಣ್ಣವೇ ಮೇಲ್ಮೈ. ಉಜ್ಜಿದರೆ ಬಟ್ಟೆ ನೀಲಿಯಾಗುತ್ತಿತ್ತು, ಎಷ್ಟು ಹೋಗ್ತಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಈಗಿನ ಹೆಚ್ಚಿನ ಕಾರಿಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತೆ. ಸುಮಾರು 40 ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು ಮಾವ! ಬಿಸಿಲಿನಿಂದ ಬಣ್ಣ ಕಾಯುವುದೂ ಅದೇ. ಈ ಸುಳಿ ಗೀರೆಲ್ಲ ಅದರ ಮೇಲ್ಭಾಗದಲ್ಲೇ ಇರುವುದು. ಅದನ್ನು ತೆಗೆಯುವುದು ಅಂದರೆ ಗೀರಿನ ಸುತ್ತಲಿನ ಕೋಟನ್ನೇ ಸವೆಸಿ ಸಮ ಮಾಡುವುದು. ಬಟ್ಟೆಗೆ ಬಣ್ಣ ಅಂಟಲ್ಲ, ಎಷ್ಟು ಸವೆಯಿತು ಅಂತ ಕೈಗೂ ಗೊತ್ತಾಗಲ್ಲ, ಕಣ್ಣಿಗೂ ಗೊತ್ತಾಗಲ್ಲ. ನಮ್ಮ ಪೇಂಟ್ ಶಾಪಲ್ಲಿ ಅದಕ್ಕೆ ಮೀಟರ್ ಇಟ್ಟು ಅಳೆಯುತ್ತೇವೆ.

ದೊಡ್ಡಮ್ಮ, 8:04
ನಮ್ಮ ಪದ್ಮಿನಿಯ ಡ್ರೈವರ್ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಎಷ್ಟು ಹೊಳೆಯುತ್ತಿತ್ತು! ಇವರು ಉಜ್ಜಿದ್ದಕ್ಕಿಂತ ಅದೇ ಚೆಂದ ಕಾಣುತ್ತಿತ್ತು.

ನಾನು, 8:09
ದೊಡ್ಡಮ್ಮ, ಎಣ್ಣೆ ಮಾಡಿದ್ದೂ ನೀರು ಮಾಡುವ ಕೆಲಸವನ್ನೇ. ನನ್ನ ಜೇಬಿಗೂ ಹಾಗೇ ಕತ್ತರಿ ಬಿತ್ತು. ಹೋದ ದೀಪಾವಳಿಗೆ ಒಂದು ಅಂಗಡಿಯಲ್ಲಿ "ಎಲ್ಲ ಗೀರು ತೆಗೆದಿದ್ದೇವೆ ಸರ್" ಅಂತ ಹೇಳಿ ಕೀಲಿ ಕೊಟ್ಟರು. ಕನ್ನಡಿಯಂಥ ಕಾರು. ಮೂರನೇ ಸಲ ಶಾಂಪೂ ಹಾಕಿ ತೊಳೆದೆ, ಅಷ್ಟೂ ಗೀರು ವಾಪಸ್. ಗ್ಲೇಜ್ ಅನ್ನೋ ಎಣ್ಣೆಯಂಥ ಕ್ರೀಮ್ ಹಚ್ಚಿ ಗೀರು ತುಂಬಿಸಿದ್ದರು ಅಷ್ಟೇ.

ಅಕ್ಕ, 8:11
ಮುಚ್ಚಿದರೆ ತಪ್ಪೇನು? ನಾವು ಮುಖಕ್ಕೆ ಪೌಡರ್ ಹಾಕಲ್ವಾ?

ಭಾವ (ಚಾಕಣ್), 8:15
ಮುಚ್ಚುವುದು ತಪ್ಪಲ್ಲ. ಹಳೇ ಕಾರಲ್ಲಿ ಕೋಟ್ ಕಮ್ಮಿ ಉಳಿದಿದ್ದರೆ ಮುಚ್ಚುವುದೇ ಜಾಣತನ. ತೆಗೆದಿದ್ದೇವೆ ಅಂತ ಹೇಳಿ ಮುಚ್ಚಿದ್ದು ತಪ್ಪು. ಇನ್ನೊಂದು ಸಲ ಕೊಟ್ಟರೆ, ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿ ತೋರಿಸಿ ಅಂತ ಕೇಳು. ತುಂಬಿಸಿದ್ದರೆ ಗ್ಲೇಜ್ ಹೋಗಿ ಅಲ್ಲೇ ಬಯಲಾಗುತ್ತೆ.

ತಮ್ಮ (ಗೋವಾ), 8:22
ಅಣ್ಣ, ಸುಮ್ನೆ ಮೇಲೊಂದು ಸೆರಾಮಿಕ್ ಕೋಟಿಂಗ್ ಹೊಡೆಸು. ಮುಗೀತು.

ಭಾವ (ಚಾಕಣ್), 8:24
ಗೀರಿದ್ದಂತೆ ಹೊಡೆಸಿದರೆ ಗೀರಿಗೇ ಗಾಜು ಹಾಕಿ ಫ್ರೇಮ್ ಮಾಡಿಸಿದ ಹಾಗೆ. ಮೊದಲು ಪಾಲಿಶ್, ಆಮೇಲೆ ಕೋಟಿಂಗ್.

ದೊಡ್ಡಪ್ಪ, 8:30
ಟೂತ್‌ಪೇಸ್ಟೂ ಪಾಲಿಶೇ ತಾನೆ? ಹಲ್ಲಿಗೆ ಏನೂ ಮಾಡದ್ದು ಕಬ್ಬಿಣಕ್ಕೆ ಏನು ಮಾಡೀತು?

ಭಾವ (ಚಾಕಣ್), 8:34
ನೀವು ಉಜ್ಜುವುದು ಕಬ್ಬಿಣವನ್ನಲ್ಲ ಮಾವ. ಹಲ್ಲಿನ ಎನಾಮೆಲ್ ಬಲು ಗಟ್ಟಿ. ಕ್ಲಿಯರ್ ಕೋಟ್ ಪ್ಲಾಸ್ಟಿಕ್ ಜಾತಿ, ಮೆತ್ತಗೆ. ಪೇಸ್ಟಲ್ಲಿ ಸಿಲಿಕಾವೋ ಕ್ಯಾಲ್ಸಿಯಂ ಕಾರ್ಬೊನೇಟೋ ಇರುತ್ತೆ, ಅದು ಹಲ್ಲಿಗೆ ಅಂತ ಮಾಡಿದ ಪುಡಿ. ಒಂದು ಗೀರು ಮಸುಕಾಗಿ ಅದರ ಸುತ್ತ ನೂರು ಹೊಸ ಗೀರು ಬಂದು ಕೂರುತ್ತವೆ. ಬಿಳಿ ಕಾರಲ್ಲಿ ಗೊತ್ತಾಗಲ್ಲ. ವಿಡಿಯೋದ ಕಾರು ಬಿಳಿ, ನೋಡಿದಿರಾ?

ಅಕ್ಕ, 8:40
ಇಷ್ಟೆಲ್ಲ ಪುರಾಣ ಬಿಡಿ. ಗೀರು ಬರುವುದೆಲ್ಲಿಂದ ಅಂತ ನಾನು ದಿನಾ ಬಾಲ್ಕನಿಯಿಂದ ನೋಡುತ್ತೇನೆ. ಬೆಳಿಗ್ಗೆ ಐದೂವರೆಗೆ ಕಾರು ಒರೆಸುವ ದಾದಾ ಬರುತ್ತಾರೆ. ಒಂದು ಬಕೆಟ್, ಒಂದು ಬಟ್ಟೆ, ಇಪ್ಪತ್ತು ಕಾರು. ನಾಲ್ಕನೇ ಕಾರಿಗೇ ನೀರು ಚಹಾ ಬಣ್ಣ. ಎದುರಿಗೆ ಕಟ್ಟಡ ಏಳುತ್ತಿದೆ, ಆ ಮರಳೆಲ್ಲ ಬಟ್ಟೆಯಲ್ಲಿ. ಅವರನ್ನು ಬೈಯಬೇಡಿ ಮತ್ತೆ. ಸೊಸೈಟಿ ಕೊಡುವುದೇ ಅಷ್ಟು ನೀರು, ನಾವು ಕೊಡುವುದೇ ಅಷ್ಟು ದುಡ್ಡು.

ನಾನು, 8:43
ಅದಕ್ಕೇ ನಾನು ಎರಡು ತಿಂಗಳಿಂದ ಒರೆಸುವುದು ಬೇಡ ಅಂದಿದ್ದೇನೆ. ದುಡ್ಡು ಕೊಡುತ್ತೇನೆ, ಒಳಗೆ ಮಾತ್ರ ಗುಡಿಸುತ್ತಾರೆ. ಧೂಳು ಕೂತಿರಲಿ. ವಾರಕ್ಕೊಮ್ಮೆ ಎರಡು ಬಕೆಟ್ ಇಟ್ಟು ತೊಳೆಯುತ್ತೇನೆ, ಒಂದು ಶಾಂಪೂಗೆ, ಇನ್ನೊಂದು ಬಟ್ಟೆ ಜಾಲಿಸಲು. ನಮ್ಮ ವಾಕಡಲ್ಲಿ ಟ್ಯಾಂಕರ್‌ನ ಗಡಸು ನೀರು ಬೇರೆ, ಹಾಗೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ. ತಕ್ಷಣ ಮೈಕ್ರೋಫೈಬರಲ್ಲಿ ಒತ್ತಿ ತೆಗೆಯಬೇಕು.

ನಾನು, 8:58
ಒಂದು ನಿಮಿಷ. ನಿನ್ನೆ ಕೊಲ್ಹಾಪುರದ ಮದುವೆಯಿಂದ ದೊಡ್ಡಪ್ಪ ಕಾರು ವಾಪಸ್ ತಂದಾಗಿನಿಂದ ಪುಟ್ಟ ಒಂದೇ ಸಮ ಹೇಳುತ್ತಿದ್ದಾನೆ, ಕಾರು ಲವಂಗದ ವಾಸನೆ ಬರುತ್ತಿದೆ ಅಂತ. ಈಗ ಕೆಳಗೆ ಬಂದು ನೋಡಿದೆ.
(ಫೋಟೋ)
ಎಡಗಡೆ ಹಿಂದಿನ ಬಾಗಿಲು. ಹಿಡಿಕೆಯ ಸಂದಿಯಲ್ಲಿ, ಗಾಜಿನ ರಬ್ಬರ್ ಅಂಚಲ್ಲಿ ಬಿಳಿ ಪುಡಿ ಒಣಗಿ ಕೂತಿದೆ. ಟಾರ್ಚ್ ಬಿಟ್ಟರೆ ಜೋಳದ ರೊಟ್ಟಿಯಗಲ ಜಾಗ ಮಂಜು ಕವಿದ ಹಾಗಿದೆ. ದೊಡ್ಡಪ್ಪ?

ತಮ್ಮ (ಗೋವಾ), 8:59
🙈🙈

ದೊಡ್ಡಮ್ಮ, 9:06
ನನ್ನ ಪೇಸ್ಟು ಪೂರ್ತಿ ಖಾಲಿ. ಅವತ್ತೇ ಅಂದೆ, ಫೋನ್ ಮಾಡಿ ಹೇಳಿಬಿಡಿ ಅಂತ.

ದೊಡ್ಡಪ್ಪ, 9:11
ಕಲ್ಯಾಣ ಮಂಟಪದ ಗೇಟಿಗೆ ತಾಗಿತು. ಸಣ್ಣ ಗೀರು. ನಿನಗೆ ತೊಂದರೆ ಯಾಕೆ, ನಾನೇ ಸರಿ ಮಾಡಿಬಿಡೋಣ ಅಂದುಕೊಂಡೆ.

ಭಾವ (ಚಾಕಣ್), 9:13
ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡು. ಸಿಕ್ಕಿಕೊಳ್ಳುತ್ತಾ, ಜಾರುತ್ತಾ?

ನಾನು, 9:15
ಒಂದು ಕಡೆ ಅಕ್ಕಿಕಾಳಿನಷ್ಟು ಸಿಕ್ಕಿಕೊಳ್ಳುತ್ತೆ. ಉಳಿದದ್ದೆಲ್ಲ ಜಾರುತ್ತೆ.

ಭಾವ (ಚಾಕಣ್), 9:17
ಆ ಅಕ್ಕಿಕಾಳಿನಷ್ಟು ಜಾಗ ಆಳ, ಅದಕ್ಕೆ ಪಾಲಿಶ್ ಆಗಲ್ಲ, ಟಚ್-ಅಪ್ ಬಣ್ಣ ಬೇಕು. ಮಂಜು ಹೋಗುತ್ತೆ. ಮುಂದಿನ ಭಾನುವಾರ ಡಿಎ ಅನ್ನೋ ಪಾಲಿಶ್ ಮಷೀನೂ ಫೋಮ್ ಪ್ಯಾಡೂ ತರುತ್ತೇನೆ. ಮೊದಲು ಮೆತ್ತನೆಯ ಪಾಲಿಶ್, ಸಾಲದಿದ್ದರೆ ಮಾತ್ರ ಕಾಂಪೌಂಡ್. ಬಾಗಿಲ ಅಂಚಿಗೆಲ್ಲ ಟೇಪ್, ಅಲ್ಲಿ ಕೋಟ್ ಬೇಗ ಹೋಗುತ್ತೆ. ಮಾವ, ನೀವು ಟಾರ್ಚ್ ಹಿಡಿಯಲು ಬನ್ನಿ.

ದೊಡ್ಡಪ್ಪ, 9:20
ಬರುತ್ತೇನೆ. ಒಂದು ಮೂಲೆ ಮಾತ್ರ ನಾನು ಕೈಯಲ್ಲೇ ಮಾಡಿ ತೋರಿಸುತ್ತೇನೆ.

ನಾನು, 9:20
ಬೇಡ.

ಅಕ್ಕ, 9:24
ದೊಡ್ಡಪ್ಪ, ಅದೇ ವಿಡಿಯೋ ಈಗ ನಮ್ಮ ಸೊಸೈಟಿ ಗುಂಪಿಗೂ ಬಂದಿದೆ. ನೀವೇ ಕಳಿಸಿದ್ದಾ?